ಟಿಡ್ಬಿನ್‌ಬಿಲ್ಲಾದ ಸುಟ್ಟ ಮನೆ: ನೋಡೋಕೆ ಏನಿದೆ ಅಲ್ಲಿ?

ತುಂಗಾತೀರ

ಊರಿಂದ ಅಪ್ಪಯ್ಯ, ಅಮ್ಮ ಬಂದು ಆರು ವಾರ ಆಯಿತು. ಕ್ಯಾನ್‌ಬೆರಾದಲ್ಲಿ ಪಾರ್ಲಿಮೆಂಟು, ವಾರ್ ಮೆಮೋರಿಯಲ್, ಕೆರೆ ಎಲ್ಲ ಮುಗಿಯಿತು. "ನಿಮ್ಮ ಊರಲ್ಲಿ ಜನಾನೇ ಇಲ್ವಲ್ಲ ಮಾರಾಯ" ಅಂತ ಅಪ್ಪಯ್ಯ ದಿನಾ ಹೇಳ್ತಾರೆ. ಹೋದ ಭಾನುವಾರ ಟಿಡ್ಬಿನ್‌ಬಿಲ್ಲಾಕ್ಕೆ, ಊರಾಚೆಯ ಅಭಯಾರಣ್ಯಕ್ಕೆ, ಕರೆದುಕೊಂಡು ಹೋಗಿದ್ದೆ. ನಮ್ಮ ಮನೆಯಿಂದ ಕಾರಲ್ಲಿ ಮುಕ್ಕಾಲು ಗಂಟೆ. ಬುತ್ತಿಗೆ ಅಮ್ಮ ಚಿತ್ರಾನ್ನ ಕಟ್ಟಿದ್ದರು.

ಮೊದಲು ಕೊವಾಲಾ ನೋಡಿದೆವು. ನೋಡಿದೆವು ಅಂದರೆ, ಅದು ಮಲಗಿತ್ತು. ದಿನಕ್ಕೆ ಇಪ್ಪತ್ತು ಗಂಟೆ ನಿದ್ದೆ ಮಾಡುತ್ತದಂತೆ ಪುಣ್ಯಾತ್ಮ. ಅಮ್ಮ ಕತ್ತೆತ್ತಿ ಸುಮಾರು ಹೊತ್ತು ನೋಡಿ, "ಹಲಸಿನ ಕಾಯಿ ಅಂದ್ಕೊಂಡಿದ್ದೆ" ಅಂದರು. ಆಮೇಲೆ ಕೊಳದ ಸುತ್ತ ನಡೆದೆವು. ಎಮು ಒಂದು ದಾರಿಗೇ ಅಡ್ಡ ನಿಂತಿತ್ತು. ನನ್ನ ಮಗಳು ನನ್ನ ಹಿಂದೆ, ನಾನು ನನ್ನ ಹೆಂಡತಿಯ ಹಿಂದೆ.

ವಾಪಸ್ ಬರುವಾಗ ರಾಕ್ ವ್ಯಾಲಿ ಅನ್ನೋ ಹಳೆ ಮನೆ ಹತ್ತಿರ ನಿಲ್ಲಿಸಿದೆ. ನಿಜ ಹೇಳಬೇಕು ಅಂದರೆ ಬಾತ್‌ರೂಮಿಗೆ ಹೋಗುವ ಮೊದಲು ಐದು ನಿಮಿಷ ಕಾಲು ಚಾಚೋಣ ಅಂತ ಅಷ್ಟೆ. 1895ರ ಸುಮಾರಿಗೆ ಜಾರ್ಜ್ ಗ್ರೀನ್ ಅನ್ನೋರ ಕುಟುಂಬ ಕಟ್ಟಿಸಿದ್ದು. 2003ರ ಕಾಡ್ಗಿಚ್ಚಲ್ಲಿ ಸುಟ್ಟು, ಆಮೇಲೆ ಸರಿಮಾಡಿ ಉಳಿಸಿಕೊಂಡ ಮನೆ. ನನಗೆ ಅಷ್ಟೇ ಗೊತ್ತಿತ್ತು.

ಅಪ್ಪಯ್ಯ ಹೋದವರು ಹೋದರೇ. ನೋಡಿದರೆ ಗೋಡೆ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾರೆ. ಗಾರೆ ಎದ್ದ ಜಾಗದಲ್ಲಿ ಬೆರಳಿಂದ ಸವರಿ ನೋಡುತ್ತಿದ್ದಾರೆ. ಒಳಗೆಲ್ಲ ಸಣ್ಣ ಸಣ್ಣ ಕಲ್ಲು ಸೇರಿದ ಮಣ್ಣು, ಅಡ್ಡಡ್ಡ ಗೆರೆ ಗೆರೆ. ಒಂದೊಂದು ಗೆರೆ ಒಂದೊಂದು ವರಸೆ. "ಇದು ಕಲ್ಲಿನ ಮನೆ ಅಲ್ಲ ಕಣೋ, ಮಣ್ಣಿಂದು. ಹಲಗೆ ಕಟ್ಟಿ ದಮ್ಮಸು ಹಾಕಿದ್ದಾರೆ. ನಮ್ಮಜ್ಜ ಕೊಟ್ಟಿಗೆ ಗೋಡೆ ಎಬ್ಬಿಸಿದ ಕಾಲಕ್ಕೇ ಇದೂ ಎದ್ದಿರಬೇಕು" ಅಂದರು. ದಪ್ಪ ಎಷ್ಟು ಅಂತ ಕೈಯಲ್ಲೇ ಅಳತೆ ಹಾಕಿದರು. ಒಂದು ಮೊಳಕ್ಕೆ ಎರಡು ಬೆರಳು ಕಡಿಮೆ. ಕೊವಾಲಾಗೆ ಹತ್ತು ನಿಮಿಷ ಕೊಟ್ಟ ಮನುಷ್ಯ ಆ ಗೋಡೆಗೆ ಮುಕ್ಕಾಲು ಗಂಟೆ ಕೊಟ್ಟರು.

ಸೋಮವಾರ ಆಫೀಸಲ್ಲಿ ಹೇಳಿದರೆ "ಅಲ್ಲಿ ಏನಿದೆ ನೋಡೋಕೆ? ಪ್ರಾಣಿ ನೋಡಿ ಬರಬೇಕಪ್ಪ" ಅಂತಾರೆ. ಈ ಗುಂಪಲ್ಲಿ ಯಾರಾದರೂ ಆ ಮನೆಗೆ ಅಂತಾನೇ ಹೋಗಿದ್ದೀರಾ? ಮುಂದಿನ ವಾರ ಸಿಡ್ನಿಯಿಂದ ಇನ್ನೊಂದು ಕುಟುಂಬ ಬರುತ್ತದೆ, ಅವರನ್ನೂ ಕರೆದುಕೊಂಡು ಹೋಗಬೇಕು.

ಗುಂಗಾಲಿನ್ ಗೌಡ

ನಿಮ್ಮ ಆಫೀಸಿನವರು ಹೇಳಿದ್ದು ಸರಿ ಇದೆ. ನಾನು ಮೂರು ಸಲ ಹೋಗಿದ್ದೀನಿ, ಮೂರು ಸಲವೂ ಆ ಮನೆ ಬಿಟ್ಟೇ ಬಂದಿದ್ದೀನಿ. ಹಳೆ ಮನೇನೇ ನೋಡಬೇಕು ಅಂದರೆ ಲ್ಯಾನ್ಯನ್‌ಗೆ ಹೋಗಿ. ಥಾರ್ವಾ ಕಡೆ, ಮರಮ್‌ಬಿಜಿ ನದಿ ಪಕ್ಕ. 1859ರಲ್ಲಿ ಕನ್ನಿಂಗ್‌ಹ್ಯಾಮ್ ಕುಟುಂಬ ಕಟ್ಟಿಸಿದ್ದು. ಕುರ್ಚಿ, ಮಂಚ, ತಟ್ಟೆ, ಲೋಟ ಎಲ್ಲ ಇಟ್ಟ ಹಾಗೇ ಇವೆ. ತೋಟ ಚೆನ್ನಾಗಿದೆ. ಟಿಡ್ಬಿನ್‌ಬಿಲ್ಲಾದ್ದು ಖಾಲಿ ಗೋಡೆ ತಾನೇ?

ಮಾಳಿಗೆ ಮನೆ

ಖಾಲಿ ಗೋಡೆ ಅಂದರಲ್ಲ, ಅಲ್ಲೇ ನನ್ನ ತಕರಾರು. ಪೀಠೋಪಕರಣ ಇಟ್ಟ ಮನೆಯಲ್ಲಿ ಗೋಡೆ ಕಾಣೋದೇ ಇಲ್ಲ. ಎಲ್ಲರೂ ಗಡಿಯಾರ, ಪಿಯಾನೊ ನೋಡಿ ಬರ್ತಾರೆ. ಮನೆ ಹೆಂಗ ಕಟ್ಟಿದರು ಅಂತ ಗೊತ್ತಾಗೋದು ಸುಟ್ಟ ಮನೆಯಲ್ಲಿ, ಬಿದ್ದ ಮನೆಯಲ್ಲಿ.

ನಾನು ಗದಗ ಕಡೆಯವನು, ಮಣ್ಣಿನ ಮಾಳಿಗೆ ಮನೆಯಲ್ಲೇ ಹುಟ್ಟಿದವನು. ಟಿಡ್ಬಿನ್‌ಬಿಲ್ಲಾದ ಗೋಡೆಗೆ ಇಲ್ಲಿಯವರು 'ಪಿಸೆ' ಅಂತಾರೆ, ಫ್ರೆಂಚ್ ಮಾತು. ಎರಡು ಹಲಗೆ ಎದುರುಬದುರು ನಿಲ್ಲಿಸಿ, ನಡುವೆ ಮಣ್ಣು ಸುರಿದು, ಮರದ ಕೊಡತಿಯಿಂದ ಬಡಿಯೋದು. ಅದು ಗಟ್ಟಿಯಾದ ಮೇಲೆ ಹಲಗೆ ಮೇಲೆ ಸರಿಸಿ ಇನ್ನೊಂದು ವರಸೆ. ಮುಖ್ಯ ಏನಂದರೆ ಮಣ್ಣು ಕೆಸರಾಗಿರಬಾರದು. ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲಬೇಕು, ಎದೆಯೆತ್ತರದಿಂದ ಬಿಟ್ಟರೆ ಒಡೆಯಬೇಕು. ಅಷ್ಟೇ ಹಸಿ. ನಮ್ಮಲ್ಲಿ ಹಂಗಲ್ಲ, ನಾವು ಮಣ್ಣಿಗೆ ಹೊಟ್ಟು ಹಾಕಿ, ನೀರು ಬಿಟ್ಟು, ಕೊಳೆಸಿ, ತುಳಿದು ಕಟ್ಟೋದು. ಎರಡೂ ಮಣ್ಣೇ, ಆದರೆ ಒಂದು ರೊಟ್ಟಿ ಇದ್ದಂಗೆ, ಒಂದು ಮುದ್ದೆ ಇದ್ದಂಗೆ.

ಗ್ರೀನ್ ಕುಟುಂಬದವರು ಶ್ರೀಮಂತರಲ್ಲ. ಗಾಡಿಯಲ್ಲಿ ಇಟ್ಟಿಗೆ ತರಿಸೋ ದಾರಿಯೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಕಾಲ ಕೆಳಗೆ ಏನಿತ್ತೋ ಅದರಲ್ಲೇ ಕಟ್ಟಿದರು. ಲ್ಯಾನ್ಯನ್ ದೊಡ್ಡ ಸಾಹುಕಾರರ ಮನೆ. ಎರಡನ್ನೂ ಒಂದೇ ದಿನ ನೋಡಿದರೆ ಇಲ್ಲಿಯ ಜಮೀನಿನ ಕತೆ ಅರ್ಧ ತಿಳಿಯುತ್ತದೆ.

ಗುಂಗಾಲಿನ್ ಗೌಡ

ರೊಟ್ಟಿ ಮುದ್ದೆ ಲೆಕ್ಕ ಚೆನ್ನಾಗಿದೆ ಸರ್. ನಾನು ಮುದ್ದೆ ಪಾರ್ಟಿ.

ಪುಟ್ಟನ ಅಮ್ಮ

ಎಂಟು ತಿಂಗಳ ಮಗು ಇದೆ. ಗಾಡಿ ತಳ್ಳಿಕೊಂಡು ಹೋಗಬಹುದಾ? ಬಸ್ ಇದೆಯಾ?

ತುಂಗಾತೀರ

ಬಸ್ ಇಲ್ಲ, ಕಾರೇ ಬೇಕು. 'ಸ್ಯಾಂಕ್ಚುಯರಿ' ಅಂತ ಬೋರ್ಡ್ ಇರೋ ಕೊಳದ ಭಾಗದಲ್ಲಿ ದಾರಿ ಸಪಾಟಾಗಿದೆ, ಸುಮಾರು ಎರಡು ಕಿಲೋಮೀಟರ್ ಸುತ್ತು, ಮಗುವಿನ ಗಾಡಿ ಸಲೀಸಾಗಿ ಹೋಗುತ್ತದೆ. ನರಿ, ಬೆಕ್ಕು ಬಾರದ ಹಾಗೆ ಸುತ್ತ ಬೇಲಿ ಇದೆ. ಒಂದು ಮಾತು, ಪಾಯಿಂಟ್ ಹಟ್ ಕ್ರಾಸಿಂಗ್ ದಾರೀಲಿ ಹೋಗುವುದಾದರೆ ಮಳೆ ಬಂದಿದೆಯಾ ನೋಡಿಕೊಳ್ಳಿ, ನದಿ ತುಂಬಿದರೆ ಸೇತುವೆ ಮುಳುಗುತ್ತದೆ. ಸಂಜೆ ಗೇಟು ಹಾಕುವ ಮೊದಲು ಹೊರಡಿ, ವಾಪಸ್ ಬರುವಾಗ ನಿಧಾನ. ಮುಸ್ಸಂಜೆಯಲ್ಲಿ ಕಾಂಗರೂಗಳು ರಸ್ತೆಗೆ ಹಾರುತ್ತವೆ. ನಾಯಿ ಬಿಡೋದಿಲ್ಲ.

ಹಕ್ಕಿ ಹುಚ್ಚ

ಟಿಡ್ಬಿನ್‌ಬಿಲ್ಲಾ ಅಂದರೆ ಎಲ್ಲರೂ ಕೊವಾಲಾ ಅಂತೀರಿ. ಬೈಯುವ ಬಾತುಕೋಳಿ ಕತೆ ಯಾರಿಗೂ ಗೊತ್ತಿಲ್ವಾ?

ಮಸ್ಕ್ ಡಕ್ ಅಂತ ಒಂದು ಜಾತಿ. ಗಂಡಿನ ಗದ್ದದ ಕೆಳಗೆ ಚೀಲದಂಥ ತೊಗಲು ಜೋತಾಡುತ್ತದೆ, ನೋಡೋಕೆ ಅಷ್ಟೇನೂ ಚಂದ ಇಲ್ಲ. ಟಿಡ್ಬಿನ್‌ಬಿಲ್ಲಾದಲ್ಲಿ ಮನುಷ್ಯರ ಕೈಯಲ್ಲಿ ಬೆಳೆದ ಒಂದು ಗಂಡು ಇತ್ತು, ಹೆಸರು ರಿಪ್ಪರ್. 1987ರಲ್ಲಿ ಪೀಟರ್ ಫುಲಗರ್ ಅನ್ನೋ ಪಕ್ಷಿತಜ್ಞರು ಅದರ ಕೂಗನ್ನು ರೆಕಾರ್ಡ್ ಮಾಡಿಕೊಂಡರು. ಅದು ಕೂಗುತ್ತಿದ್ದದ್ದು ಏನು ಗೊತ್ತಾ? 'ಯೂ ಬ್ಲಡಿ ಫೂಲ್' ಅಂತ! ನೋಡಿಕೊಳ್ಳುವವರ ಬಾಯಲ್ಲಿ ಕೇಳಿ ಕಲಿತಿರಬೇಕು. ಬಾಗಿಲು ದಢಾರ್ ಅಂತ ಹಾಕಿಕೊಳ್ಳುವ ಸದ್ದನ್ನೂ ಹಾಗೇ ಮಾಡುತ್ತಿತ್ತು. ಹೆಣ್ಣನ್ನು ಒಲಿಸಿಕೊಳ್ಳುವ ಆಟದಲ್ಲಿ ಬೈಗುಳ ಬಳಸಿದ ಗಂಡು ಇದೊಂದೇ ಅಂತ ಹೇಳೋಕೆ ಆಗಲ್ಲ, ನಮ್ಮ ಕಾಲೇಜಲ್ಲೂ ಇದ್ದರು.

ಆ ಟೇಪು ಎಷ್ಟೋ ವರ್ಷ ಹಾಗೇ ಇತ್ತು. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿರುವ ಕಾರೆಲ್ ಟೆನ್ ಕೇಟ್ ಅನ್ನೋ ವಿಜ್ಞಾನಿ ಅದನ್ನು ಹುಡುಕಿ, ಫುಲಗರ್ ಜೊತೆ ಸೇರಿ 2021ರಲ್ಲಿ ಪ್ರಕಟಿಸಿದರು. ಗಿಳಿ, ಹಾಡುಹಕ್ಕಿಗಳು ಕೇಳಿ ಕಲೀತವೆ ಅಂತ ಎಲ್ಲರಿಗೂ ಗೊತ್ತು. ಬಾತು ಕಲೀಬಹುದು ಅಂತ ಯಾರೂ ಅಂದುಕೊಂಡಿರಲಿಲ್ಲ. ಹಕ್ಕಿಗಳ ವಂಶಾವಳಿಯಲ್ಲಿ ಬಾತು ತುಂಬಾ ಹಿಂದೆಯೇ ಕವಲೊಡೆದ ಜಾತಿ, ಅದಕ್ಕೇ ಇದು ದೊಡ್ಡ ಸುದ್ದಿ. ರಿಪ್ಪರ್ ಬಗ್ಗೆ ಟಿಡ್ಬಿನ್‌ಬಿಲ್ಲಾದವರು ಬರೆದಿಟ್ಟಿದ್ದ ದಾಖಲೆ ನೋಡೋಣ ಅಂದರೆ, ಅವೂ 2003ರಲ್ಲಿ ಸುಟ್ಟುಹೋಗಿದ್ದವು. ಟೇಪು ಬೇರೆ ಕಡೆ ಇತ್ತು, ಬಚಾವ್.

ಪುಟ್ಟನ ಅಮ್ಮ

ಅಯ್ಯೋ ನಾನು ಮಗುವನ್ನ ಕರ್ಕೊಂಡು ಹೋಗಬೇಕು ಅಂದರೆ ಬೈಗುಳ ಕಲಿಸೋ ಬಾತುಕೋಳಿ ಅಂತೀರಲ್ಲ 😄

ಹಳೆ ವೆಸ್ಟನ್

2003ರ ಮಾತು ಬಂತು. ನಾನು ಆಗ ವೆಸ್ಟನ್ ಕ್ರೀಕ್ ಕಡೆ ಬಾಡಿಗೆ ಮನೆಯಲ್ಲಿದ್ದೆ. ಇಲ್ಲಿ ಹೊಸಬರು ಜಾಸ್ತಿ ಇದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಜನವರಿ 8ಕ್ಕೆ ಸಿಡಿಲು ಬಡಿದು ಬೆಟ್ಟಗಳಲ್ಲಿ ಬೆಂಕಿ ಹತ್ತಿತ್ತು. ಹತ್ತು ದಿನ ದೂರದಲ್ಲಿ ಹೊಗೆ ಕಾಣುತ್ತಿತ್ತು, ನಾವು ಆಫೀಸಿಗೆ ಹೋಗಿ ಬರುತ್ತಿದ್ದೆವು. 18ನೇ ತಾರೀಕು ಶನಿವಾರ. ಮಧ್ಯಾಹ್ನ ಊಟಕ್ಕೆ ಕೂತಾಗ ಆಕಾಶ ಕಿತ್ತಳೆ ಬಣ್ಣ. ಮೂರು ಗಂಟೆ ಹೊತ್ತಿಗೆ ಕತ್ತಲೆ, ದೀಪ ಹಾಕಿಕೊಳ್ಳಬೇಕು ಅಂಥ ಕತ್ತಲೆ. ನನ್ನ ಹೆಂಡತಿ ಒಂದು ಚೀಲಕ್ಕೆ ಪಾಸ್‌ಪೋರ್ಟು, ತಾಳಿ ಸರ, ಮಗುವಿನ ಲಸಿಕೆ ಕಾರ್ಡು ತುಂಬಿದಳು. ನಾನು ಸ್ನಾನದ ತೊಟ್ಟಿ, ಬಕೆಟ್ಟು, ಕುಕ್ಕರು, ಸಿಕ್ಕಿದ್ದಕ್ಕೆಲ್ಲ ನೀರು ತುಂಬಿಸಿದೆ. ಕುಕ್ಕರಿಗೆ ಯಾಕೆ ತುಂಬಿಸಿದೆ ಅಂತ ಇವತ್ತಿಗೂ ನಗುತ್ತಾಳೆ. ಅಂಗಳದಲ್ಲಿ ಸುಟ್ಟ ನೀಲಗಿರಿ ಎಲೆ ಬೀಳುತ್ತಿದ್ದವು, ಆಕಾರ ಹಾಗೇ ಇರುತ್ತಿತ್ತು, ಮುಟ್ಟಿದರೆ ಪುಡಿ. ಕೆಲವು ಇನ್ನೂ ಕೆಂಡ. ನಾನು ಒದ್ದೆ ಟವೆಲ್ ಹಿಡಿದು ಬಡಿಯುತ್ತಾ ಓಡಾಡುತ್ತಿದ್ದೆ. ನಮ್ಮ ಬೀದಿ ಉಳಿಯಿತು. ಸ್ವಲ್ಪ ಆಚೆ ಡಫಿಯಲ್ಲಿ ಇನ್ನೂರಕ್ಕೂ ಹೆಚ್ಚು ಮನೆ ಹೋದವು. ಊರಿಗೆಲ್ಲ ಸೇರಿ ಸುಮಾರು 500. ನಾಲ್ಕು ಜನ ತೀರಿಕೊಂಡರು. ಮೌಂಟ್ ಸ್ಟ್ರಾಮ್ಲೋ ವೀಕ್ಷಣಾಲಯದ ದೂರದರ್ಶಕಗಳೂ ಸುಟ್ಟವು.

ಟಿಡ್ಬಿನ್‌ಬಿಲ್ಲಾ ಬೆಂಕಿಯ ದಾರಿಯಲ್ಲೇ ಇತ್ತು. ಅಲ್ಲಿದ್ದ ಕೊವಾಲಾಗಳಲ್ಲಿ ಉಳಿದದ್ದು ಒಂದೇ ಒಂದು ಹೆಣ್ಣು. ಮೈಯೆಲ್ಲ ಸುಟ್ಟುಕೊಂಡಿತ್ತು. ಶುಶ್ರೂಷೆ ಮಾಡಿ ವಾಪಸ್ ತಂದು ಬಿಟ್ಟರು, 'ಲಕ್ಕಿ' ಅಂತ ಹೆಸರಿಟ್ಟರು. ಪಾರ್ಕು ಮತ್ತೆ ತೆರೆದಾಗ ನಾವು ಅದನ್ನೇ ನೋಡೋಕೆ ಹೋಗಿದ್ದೆವು. ರಾಕ್ ವ್ಯಾಲಿ ಹತ್ತಿರವೂ ನಿಂತೆವು. ಮರದ್ದೆಲ್ಲ ಹೋಗಿತ್ತು, ಮಣ್ಣು ನಿಂತಿತ್ತು. ನಮ್ಮ ಪಕ್ಕದ ಸಬರ್ಬಿನಲ್ಲಿ ಮೊನ್ನೆ ಮೊನ್ನೆ ಕಟ್ಟಿದ ಮನೆಗಳ ಜಾಗದಲ್ಲಿ ಬರೀ ಚಿಮಣಿ ನೋಡಿದ್ದ ನನಗೆ ಅದು ಹೇಗನಿಸಿತು ಅಂತ ಹೇಳೋಕೆ ಬರಲ್ಲ. ಆಮೇಲೆ ನಾನು ಆ ಕಡೆ ಹೋಗಿಲ್ಲ.

ಮಾಳಿಗೆ ಮನೆ

ಸರ್, ಇದನ್ನ ಇಷ್ಟು ದಿನ ಯಾಕೆ ಬರೆದಿರಲಿಲ್ಲ?

ಹಳೆ ವೆಸ್ಟನ್

ಯಾರೂ ಕೇಳಿರಲಿಲ್ಲ ಅಷ್ಟೆ.

ಗುಂಗಾಲಿನ್ ಗೌಡ

ಸರ್, ನಾನು ಖಾಲಿ ಗೋಡೆ ಅಂದದ್ದು ವಾಪಸ್ ತಗೊಂಡೆ.

ಆದರೆ ಇನ್ನೊಂದು ವಿಷಯಕ್ಕೆ ನನ್ನ ತಕರಾರು ಇದೆ. ಅಭಯಾರಣ್ಯ ಅಂತಾರೆ, ಹೋದರೆ ಬೇಲಿ ಒಳಗೆ ಕೊವಾಲಾ. ಅದು ಝೂ ಅಲ್ವಾ? ನಮ್ಮ ಬಂಡೀಪುರ, ಭದ್ರಾ ತರ ಕಾಡಿನ ಪ್ರಾಣಿ ಕಾಡಲ್ಲೇ ಇದ್ದರೆ ಅದು ಅಭಯಾರಣ್ಯ.

ಹಕ್ಕಿ ಹುಚ್ಚ

ಎರಡೂ ಇದೆ ಅಲ್ಲಿ. ಒಟ್ಟು ಜಾಗ ಸುಮಾರು 54 ಚದರ ಕಿಲೋಮೀಟರ್, ಹೆಚ್ಚಿನದ್ದು ಬೇಲಿ ಇಲ್ಲದ ಕಾಡು. ಕಾಂಗರೂ, ಲೈರ್ ಬರ್ಡ್, ಪ್ಲಾಟಿಪಸ್ ಎಲ್ಲ ತಮ್ಮ ಪಾಡಿಗೆ ಇವೆ. ಕೊವಾಲಾ ವಿಷಯ ನೀವು ಹೇಳಿದ್ದು ನಿಜ. 1936ರಲ್ಲಿ ಆ ಕಣಿವೆಯ ಒಂದು ಭಾಗವನ್ನು ಪ್ರಾಣಿಗಳಿಗೆ ಅಂತ ಮೀಸಲಿಟ್ಟರು, 1939ರಲ್ಲಿ ಕೊವಾಲಾ ಬೇಲಿ ಕಟ್ಟಿದರು. ಅಂದರೆ ಬೇಲಿಯಿಂದಲೇ ಶುರುವಾದ ಜಾಗ. ನೇಚರ್ ರಿಸರ್ವ್ ಅಂತ ಗೆಜೆಟ್ ಆಗಿದ್ದು 1971ರಲ್ಲಿ. ಆದರೆ ಜನ ನೋಡದ ಇನ್ನೊಂದು ಬೇಲಿ ಇದೆ ಅಲ್ಲಿ, ಅದರ ಕತೆ ಕೇಳಿ.

ಬ್ರಷ್-ಟೇಲ್ಡ್ ರಾಕ್ ವಾಲಬಿ. ಕಾಂಗರೂವಿನ ಚಿಕ್ಕ ನೆಂಟ, ಪೊರಕೆಯಂಥ ಬಾಲ, ಬಂಡೆ ಮೇಲೆ ಮೇಕೆ ಥರ ಹತ್ತುತ್ತದೆ. ಒಂದು ಕಾಲದಲ್ಲಿ ತುಪ್ಪಳಕ್ಕೆ ಅಂತ ಲಕ್ಷಗಟ್ಟಲೆ ಕೊಂದರು, ಉಳಿದದ್ದನ್ನು ನರಿ ತಿಂದವು. ದಕ್ಷಿಣದ ತಳಿ ಬೆರಳೆಣಿಕೆಗೆ ಬಂತು. ಒಂದು ತಾಯಿಗೆ ಚೀಲದಲ್ಲಿ ಒಂದೇ ಮರಿ, ಅದು ಹೊರಬರುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಸಂಖ್ಯೆ ಹೆಚ್ಚುವುದು ಹೇಗೆ? ಟಿಡ್ಬಿನ್‌ಬಿಲ್ಲಾದವರು ಏನು ಮಾಡಿದರು ಅಂದರೆ, ಹೆಸರುಬೇಳೆಯಷ್ಟಿದ್ದು ಸ್ವಲ್ಪ ಬೆಳೆದ ಮರಿಯನ್ನು ಚೀಲದಿಂದ ತೆಗೆದು ಬೇರೆ ಜಾತಿಯ ವಾಲಬಿಯ ಚೀಲಕ್ಕೆ ಹಾಕಿದರು. ಆ ಸಾಕುತಾಯಿ ಅದನ್ನು ತನ್ನದೇ ಅಂತ ಹಾಲು ಕೊಟ್ಟು ಬೆಳೆಸುತ್ತದೆ. ಅತ್ತ ಹೆತ್ತ ತಾಯಿಯ ಹೊಟ್ಟೆಯಲ್ಲಿ ಇನ್ನೊಂದು ಭ್ರೂಣ ಬೆಳೆಯದೆ ಕಾದು ಕೂತಿರುತ್ತದೆ. ಚೀಲ ಖಾಲಿಯಾದ ಕೂಡಲೇ ಅದು ಬೆಳೆಯೋಕೆ ಶುರು, ತಿಂಗಳೊಳಗೆ ಹೊಸ ಮರಿ. ಹೀಗೆ ಒಂದು ತಾಯಿಯಿಂದ ವರ್ಷಕ್ಕೆ ಹಲವು ಮರಿ.

ತುಂಗಾತೀರ

ಇದನ್ನು ಅಮ್ಮನಿಗೆ ಓದಿ ಹೇಳಿದೆ. "ಇದರಲ್ಲೇನು ಹೊಸದು? ದೇವಕಿ ಹೊಟ್ಟೆಯಿಂದ ಬಲರಾಮನ್ನ ರೋಹಿಣಿ ಹೊಟ್ಟೆಗೆ ಹಾಕಲಿಲ್ವಾ" ಅಂದರು. ಚರ್ಚೆ ಅಲ್ಲಿಗೆ ಮುಗೀತು.

ಹಕ್ಕಿ ಹುಚ್ಚ

ಅಮ್ಮನಿಗೆ ನಮಸ್ಕಾರ ಹೇಳಿ. ಇನ್ನು ಮುಂದೆ ನಾನೂ ಹೀಗೇ ವಿವರಿಸೋದು.

2020ರಲ್ಲಿ ಮತ್ತೆ ಬೆಂಕಿ ಬಂತಲ್ಲ, ಪಕ್ಕದ ಒರೋರಲ್ ಕಣಿವೆಯಲ್ಲಿ ಸೈನ್ಯದ ಹೆಲಿಕಾಪ್ಟರ್ ದೀಪದ ಬಿಸಿಗೆ ಹುಲ್ಲು ಹತ್ತಿಕೊಂಡು. ಆ ಸಲ ಈ ವಾಲಬಿಗಳನ್ನೂ ಕೊವಾಲಾಗಳನ್ನೂ ಬೇರೆ ಕಡೆಗೆ ಸಾಗಿಸಿದರು. 2003ರ ಪಾಠ ಅದು.

ಕೆಂಗೇರಿ ಸ್ಯಾಟಲೈಟ್

ಟಿಡ್ಬಿನ್‌ಬಿಲ್ಲಾ ಅಂದ ಕೂಡಲೇ ನಾನು ಬಂದೆ, ಕ್ಷಮಿಸಿ, ಪ್ರಾಣಿ ವಿಷಯ ಅಲ್ಲ. ಪಾರ್ಕಿಗೆ ಹೋಗುವ ದಾರಿಯಲ್ಲೇ ದೊಡ್ಡ ಬಿಳಿ ಡಿಶ್‌ಗಳು ಕಾಣುತ್ತವಲ್ಲ, ಅಲ್ಲಿ ನಿಲ್ಲಿಸಿದಿರಾ? ನಾಸಾದ ಡೀಪ್ ಸ್ಪೇಸ್ ಕೇಂದ್ರ ಅದು. ದೊಡ್ಡದು 70 ಮೀಟರ್. ವಾಯೇಜರ್ 2ಕ್ಕೆ ಇಲ್ಲಿಂದಲೇ ಆಜ್ಞೆ ಹೋಗೋದು.

ನಮ್ಮೂರು ಬ್ಯಾಲಾಳು ಪಕ್ಕ. ಬ್ಯಾಲಾಳಿನಲ್ಲಿ ಇಸ್ರೋದ 32 ಮೀಟರ್ ಡಿಶ್ ಇದೆ, ಚಂದ್ರಯಾನಕ್ಕೆ ಅಂತ 2008ರಲ್ಲಿ ಶುರುವಾದದ್ದು. ಸಣ್ಣವರಿದ್ದಾಗ ಅಲ್ಲಿ ರಾಗಿ ಹೊಲ ನೋಡಿದವರು ನಾವು. 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಮಂಗಳಯಾನ ಮಂಗಳನ ಸುತ್ತ ಸೇರಿಕೊಳ್ಳಬೇಕಿತ್ತು. ಆ ಹೊತ್ತಿಗೆ ಮಂಗಳ ನಮ್ಮ ಕಡೆ ಇನ್ನೂ ಹುಟ್ಟಿರಲಿಲ್ಲ, ಬ್ಯಾಲಾಳಿಗೆ ಕಾಣದು. ಕ್ಯಾನ್‌ಬೆರಾಕ್ಕೆ ಕಾಣುತ್ತಿತ್ತು. ನೌಕೆ ಮಂಗಳನ ಮರೆಯಿಂದ ಹೊರಗೆ ಬಂದು ಕಳಿಸಿದ ಸಿಗ್ನಲ್ ಇಲ್ಲಿಗೆ ಮುಟ್ಟೋಕೆ 12 ನಿಮಿಷಕ್ಕೂ ಜಾಸ್ತಿ. ಅದು ಇಲ್ಲಿಯ ಡಿಶ್‌ಗೆ ಬಂದು, ಇಲ್ಲಿಂದ ಬೆಂಗಳೂರಿಗೆ. ನಾನು ಟೀವಿ ಮುಂದೆ ಹಲ್ಲುಜ್ಜುವ ಬ್ರಶ್ ಬಾಯಲ್ಲಿಟ್ಟುಕೊಂಡೇ ಕೂತಿದ್ದೆ. ಮೊದಲ ಸಲ ಕ್ಯಾನ್‌ಬೆರಾಕ್ಕೆ ಬಂದಾಗ ನೇರ ಹೋಗಿ ಆ ಡಿಶ್ ಮುಂದೆ ನಿಂತು ಫೋಟೋ ತೆಗೆಸಿಕೊಂಡೆ. ಅದರ ಕೆಳಗೆ ಹಸು ಮೇಯುತ್ತಿದ್ದವು. ಥೇಟ್ ನಮ್ಮೂರು.

ಕಾಡುದಾರಿ

ಇಡೀ ಚರ್ಚೆ ಓದಿದೆ, ಚೆನ್ನಾಗಿದೆ. ಒಂದು ವಿಷಯ ಚುಚ್ಚಿತು. ಎಲ್ಲರೂ 'ಹಳೆ ಮನೆ' ಅಂತ 1895ಕ್ಕೆ ನಿಲ್ಲಿಸಿದ್ದೀರಿ. ಅದೇ ಕಣಿವೆಯಲ್ಲಿ ಬಿರಿಗೈ ಅನ್ನೋ ಬಂಡೆ ಮರೆ ಇದೆ. ಇಪ್ಪತ್ತು ಸಾವಿರ ವರ್ಷಕ್ಕೂ ಹಿಂದೆ ಅಲ್ಲಿ ಜನ ಒಲೆ ಹಚ್ಚಿ ಕೂತಿದ್ದರು. ಹಿಮಯುಗದ ಚಳಿಯಲ್ಲಿ! ಬೇಸಿಗೆಯಲ್ಲಿ ಬೋಗಾಂಗ್ ಪತಂಗಗಳು ಬಯಲಿನಿಂದ ಬೆಟ್ಟದ ಸಂದಿಗೆ ಬಂದು ಕೂರುತ್ತವೆ, ಅವನ್ನು ಹುರಿದು ತಿನ್ನೋಕೆ ಬೇರೆ ಬೇರೆ ಕುಲದವರು ಈ ಬೆಟ್ಟಗಳಿಗೆ ಸೇರುತ್ತಿದ್ದರು. ಟಿಡ್ಬಿನ್‌ಬಿಲ್ಲಾ ಅನ್ನೋ ಹೆಸರೇ ಇಲ್ಲಿಯ ಮೂಲನಿವಾಸಿಗಳಾದ ನನ್ನವಾಲ್ ಜನರ ಮಾತಿನಿಂದ ಬಂದದ್ದು, ಹುಡುಗರು ಗಂಡಸರಾಗುವ ಜಾಗ ಅಂತ ಅರ್ಥ ಹೇಳುತ್ತಾರೆ. ಗ್ರೀನ್ ಮನೆಯವರು ಕಾಲ ಕೆಳಗಿನ ಮಣ್ಣಲ್ಲಿ ಮನೆ ಕಟ್ಟಿದರು, ಸರಿ. ಆ ಮಣ್ಣು ಯಾರದ್ದಾಗಿತ್ತು ಅಂತಲೂ ಕೇಳಬೇಕಲ್ವಾ?

ಮಾಳಿಗೆ ಮನೆ

ಕೇಳಬೇಕು. ನನ್ನ ಅರ್ಧ ಕತೆಯಲ್ಲಿ ಬಿಟ್ಟುಹೋದ ಇನ್ನರ್ಧ ಅದೇ. ಲ್ಯಾನ್ಯನ್‌ಗೆ ಮೊದಲು ಬಿರಿಗೈ ಇಡಬೇಕಿತ್ತು ನಾನು.

ಗುಂಗಾಲಿನ್ ಗೌಡ

ಪತಂಗ ತಿಂದರೆ ಹೇಗಿರುತ್ತದಂತೆ?

ಕಾಡುದಾರಿ

ನಟ್ಸ್ ಹುರಿದ ಹಾಗೆ ಅಂತ ಓದಿದ್ದೇನೆ. ಮೈತುಂಬಾ ಕೊಬ್ಬು ಅದಕ್ಕೆ.

ತುಂಗಾತೀರ

ಎಲ್ಲರಿಗೂ ಥ್ಯಾಂಕ್ಸ್. ನಾನು ಕೇಳಿದ್ದು ಒಂದು, ಸಿಕ್ಕಿದ್ದು ಹತ್ತು. ನಿನ್ನೆ ಮತ್ತೆ ಹೋಗಿ ಬಂದೆವು, ಅಪ್ಪಯ್ಯನದ್ದೇ ಹಟ. ಈ ಸಲ ಮೊದಲು ಬಿರಿಗೈ ಬಂಡೆ, ಆಮೇಲೆ ಮನೆ, ಕೊನೆಗೆ ಕೊಳ. ಹಳೆ ವೆಸ್ಟನ್ ಸರ್ ಬರೆದದ್ದನ್ನು ಕಾರಲ್ಲಿ ಜೋರಾಗಿ ಓದಿ ಹೇಳಿದೆ. ಕುಕ್ಕರಿಗೆ ನೀರು ತುಂಬಿಸಿದ್ದು ಕೇಳಿ ಅಮ್ಮ ನಗಲಿಲ್ಲ. "ಸರಿಯಾಗೇ ಮಾಡಿದ್ದಾರೆ" ಅಂದರು.

ಅಲ್ಲೇ ಇನ್ನೊಂದು ಮಣ್ಣಿನ ಮನೆ ಇದೆ, ಅದೂ 1890ರ ದಶಕದ್ದು, ಹೆಸರು 'ನಿಲ್ ಡೆಸ್ಪರಾಂಡಮ್'. ಲ್ಯಾಟಿನ್, ಎದೆಗುಂದಬೇಡ ಅಂತ. ಕಾಡಿನ ಮೂಲೆಯಲ್ಲಿ ನಾಲ್ಕು ಕೋಣೆ ಮಣ್ಣಿನ ಮನೆ ಕಟ್ಟಿ ಲ್ಯಾಟಿನ್ ಹೆಸರಿಟ್ಟ ಪುಣ್ಯಾತ್ಮನನ್ನು ನೋಡಬೇಕಿತ್ತು.

ರಾಕ್ ವ್ಯಾಲಿಯಲ್ಲಿ ಅಪ್ಪಯ್ಯ ಈ ಸಲ ಗೋಡೆ ಮುಟ್ಟಲಿಲ್ಲ. ಸುಮ್ನೆ ಒಂದು ಸುತ್ತು ಬಂದು, ಬುಡ ನೋಡಿದರು, ಸೂರು ನೋಡಿದರು. ಕೊನೆಗೆ ಕೇಳಿದ್ದು: "ಗೆದ್ದಲು ಹೇಗೆ ತಡೀತಾರಂತೆ ಇಲ್ಲಿ?"

ಹಳೆ ವೆಸ್ಟನ್ ಸರ್, ಸಿಡ್ನಿಯವರು ಬರೋದು ಮುಂದಿನ ಶನಿವಾರ. ಏಳು ಸೀಟಿನ ಕಾರು, ಒಂದು ಸೀಟು ಖಾಲಿ ಇದೆ. ಅಮ್ಮ ಚಿತ್ರಾನ್ನ ಮಾಡ್ತಾರೆ.

ಹಳೆ ವೆಸ್ಟನ್

ಎಷ್ಟು ಗಂಟೆಗೆ?